ಡೆನ್ಮಾರ್ಕಿನ ಅರಮನೆಗಳು: ಕಟ್ಟಿಸಿದವರು ಯಾರು, ಬೆಲೆ ತೆತ್ತವರು ಯಾರು?

ಡೆನ್ಮಾರ್ಕ್ ಎಂದೊಡನೆ ನಮ್ಮಲ್ಲಿ ಹಲವರಿಗೆ 2005ರಲ್ಲಿ ಅಲ್ಲಿನ ಪತ್ರಿಕೆಯೊಂದು ಪ್ರಕಟಿಸಿದ ವ್ಯಂಗ್ಯಚಿತ್ರಗಳು, ಅವುಗಳಿಂದ ಜಗತ್ತಿನಾದ್ಯಂತ ಎದ್ದ ನೋವು ಮತ್ತು ವಿವಾದ ನೆನಪಾಗುತ್ತವೆ. ಇನ್ನು ಕೆಲವರಿಗೆ ಹಾಲು, ಬೆಣ್ಣೆ, ಗಾಳಿಯಂತ್ರಗಳ ದೇಶವೆಂದು ಗೊತ್ತು. ಆದರೆ ಆ ಪುಟ್ಟ ದೇಶಕ್ಕೂ ಅರಬ್ ಜಗತ್ತಿಗೂ, ಆ ದೇಶಕ್ಕೂ ಭಾರತಕ್ಕೂ, ಅಷ್ಟೇ ಏಕೆ, ಆ ದೇಶದ ಬಾವುಟಕ್ಕೂ ಕನ್ನಡದ ಮುದ್ರಣಕ್ಕೂ ಇರುವ ಹಳೆಯ ನಂಟು ಬಹಳ ಮಂದಿಗೆ ತಿಳಿದಿಲ್ಲ. ಡೆನ್ಮಾರ್ಕಿನ ಕೋಟೆ, ಅರಮನೆಗಳನ್ನು ಸುತ್ತುವ ಪ್ರವಾಸಿ ಕಣ್ಣು ತೆರೆದು ನೋಡಿದರೆ ಈ ನಂಟಿನ ಎಳೆಗಳು ಒಂದೊಂದಾಗಿ ಸಿಗುತ್ತವೆ.

ಪ್ರವಾಸಿಗಳಿಗೆಂದು ಬರೆದ ಕೈಪಿಡಿಗಳು ಸಾಮಾನ್ಯವಾಗಿ ಗೋಪುರದ ಎತ್ತರ, ಕಟ್ಟಿದ ವರ್ಷ, ರಾಜನ ಹೆಸರು ಇಷ್ಟನ್ನು ಹೇಳಿ ಮುಗಿಸುತ್ತವೆ. ಅರಮನೆಯನ್ನು ಕಟ್ಟಲು ಹಣ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು ಹೊರಟರೆ ಅದೇ ಅರಮನೆಗಳು ಬೇರೆಯದೇ ಕಥೆ ಹೇಳತೊಡಗುತ್ತವೆ.

ಅರಬ್ ಬೆಳ್ಳಿ ಮತ್ತು ರೂನ್ ಶಿಲೆ

ಡೆನ್ಮಾರ್ಕಿನ ಇತಿಹಾಸ ನೋಡಹೊರಟವರು ಯೆಲ್ಲಿಂಗ್ ಎಂಬ ಸಣ್ಣ ಊರಿನಿಂದ ಆರಂಭಿಸುವುದು ವಾಡಿಕೆ. ಅಲ್ಲಿ ಎರಡು ದೊಡ್ಡ ಮಣ್ಣಿನ ದಿಬ್ಬಗಳ ನಡುವೆ ರೂನ್ ಲಿಪಿಯ ಶಿಲೆಗಳಿವೆ. ಕ್ರಿ.ಶ. 965ರ ಸುಮಾರಿಗೆ ಹೆರಾಲ್ಡ್ ಬ್ಲೂಟೂತ್ ಎಂಬ ದೊರೆ, ತಾನು ಡೇನರನ್ನು ಕ್ರೈಸ್ತರನ್ನಾಗಿ ಮಾಡಿದೆನೆಂದು ದೊಡ್ಡ ಶಿಲೆಯ ಮೇಲೆ ಕೆತ್ತಿಸಿದ್ದಾನೆ. ನಮ್ಮ ಮೊಬೈಲ್‌ಗಳಲ್ಲಿರುವ ಬ್ಲೂಟೂತ್ ಎಂಬ ಹೆಸರು ಬಂದದ್ದು ಇದೇ ದೊರೆಯಿಂದ. 1994ರಲ್ಲಿ ಯುನೆಸ್ಕೋ ಈ ತಾಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಕಾಲದ ವೈಕಿಂಗರು ಬರೀ ಕೊಳ್ಳೆ ಹೊಡೆಯುವವರಾಗಿರಲಿಲ್ಲ, ವ್ಯಾಪಾರಿಗಳೂ ಆಗಿದ್ದರು. ರಷ್ಯಾದ ನದಿಗಳ ದಾರಿಯಾಗಿ ತುಪ್ಪಳ, ಗುಲಾಮರು ಮೊದಲಾದ 'ಸರಕು' ದಕ್ಷಿಣಕ್ಕೆ ಹೋಗುತ್ತಿತ್ತು. ಅದಕ್ಕೆ ಬದಲಾಗಿ ಮುಸ್ಲಿಂ ರಾಜ್ಯಗಳ ಬೆಳ್ಳಿಯ ದಿರ್ಹಮ್‌ಗಳು ಉತ್ತರಕ್ಕೆ ಬರುತ್ತಿದ್ದವು. ಅರಬಿ ಅಕ್ಷರಗಳಿರುವ ಇಂಥ ನಾಣ್ಯಗಳು ಡೆನ್ಮಾರ್ಕಿನ ನೆಲದಲ್ಲಿ ಸಿಕ್ಕಿವೆ. ಇಂಥ ನಿಧಿಗಳನ್ನು ಕೋಪನ್‌ಹೇಗನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಆ ಸಂಗ್ರಹಾಲಯವೂ ಹಿಂದೆ ಯುವರಾಜರ ಅರಮನೆಯಾಗಿದ್ದ ಕಟ್ಟಡದಲ್ಲೇ ಇದೆ.

ಅದೇ ಹತ್ತನೇ ಶತಮಾನದಲ್ಲಿ ಸ್ಪೇನಿನ ಅಂದಲೂಸ್‌ನಿಂದ ಬಂದ ಅಲ್‌ತರ್ತೂಶಿ ಎಂಬ ಪ್ರವಾಸಿ, ಆಗ ಡೇನರ ಊರಾಗಿದ್ದ ಹೆಡೆಬಿಯನ್ನು ನೋಡಿದ. ಅಲ್ಲಿನ ಜನ ಹೆಚ್ಚಾಗಿ ಮೀನು ತಿಂದು ಬದುಕುತ್ತಾರೆಂದೂ ಅವರ ಹಾಡು ನಾಯಿಯ ಗುರುಗುಟ್ಟುವಿಕೆಗಿಂತ ಕೆಟ್ಟದೆಂದೂ ಅವನು ದಾಖಲಿಸಿದ. ಯುರೋಪಿನ ಪ್ರವಾಸಿಗಳು ಪೂರ್ವದವರನ್ನು ಹೇಗೆ ಬಣ್ಣಿಸಿದರು ಎಂಬುದನ್ನು ನಾವು ಬಹಳ ಓದಿದ್ದೇವೆ. ಅಂದು ನಾಗರಿಕತೆಯ ಕೇಂದ್ರ ಬೇರೆಡೆ ಇತ್ತು, ಹಾಗಾಗಿ ಮೂಗು ಮುರಿದವರೂ ಬೇರೆಯವರೇ ಆಗಿದ್ದರು.

ಸುಂಕದ ಕೋಟೆ

ಕೋಪನ್‌ಹೇಗನ್ನಿನಿಂದ ಉತ್ತರಕ್ಕೆ ಕಡಲ ದಂಡೆಯ ಗುಂಟ ರೈಲಿನಲ್ಲಿ ಮುಕ್ಕಾಲು ಗಂಟೆ ಸಾಗಿದರೆ ಹೆಲ್ಸಿಂಗೋರ್ ಸಿಗುತ್ತದೆ. ಅಲ್ಲಿ ನೀರಿಗೆ ಚಾಚಿದ ನೆಲದ ತುದಿಯಲ್ಲಿ ಕ್ರೋನ್‌ಬೋರ್ಗ್ ಕೋಟೆ ನಿಂತಿದೆ. ಷೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕದ ಎಲ್ಸಿನೋರ್ ಇದೇ. ಡೆನ್ಮಾರ್ಕಿಗೆ ಹೋದ ಪ್ರವಾಸಿಗಳಲ್ಲಿ ಹೆಚ್ಚಿನವರು ಹ್ಯಾಮ್ಲೆಟನ ಹೆಸರು ಕೇಳಿಯೇ ಇಲ್ಲಿಗೆ ಬರುತ್ತಾರೆ. ಆದರೆ ಕೋಟೆಯ ನಿಜವಾದ ಕಥೆ ಇರುವುದು ಎದುರಿನ ನೀರಿನಲ್ಲಿ.

ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಓರೆಸುಂಡ್ ಜಲಸಂಧಿ ಇಲ್ಲಿ ಕೇವಲ ನಾಲ್ಕು ಕಿಲೋಮೀಟರ್ ಅಗಲವಿದೆ. ಬಾಲ್ಟಿಕ್ ಸಮುದ್ರದ ಧಾನ್ಯ, ಮರ, ಡಾಂಬರು, ಸೆಣಬು ಪಶ್ಚಿಮಕ್ಕೆ ಹೋಗಬೇಕಾದರೂ, ಪಶ್ಚಿಮದ ಉಪ್ಪು, ಬಟ್ಟೆ ಬಾಲ್ಟಿಕ್‌ಗೆ ಬರಬೇಕಾದರೂ ಇದು ಮುಖ್ಯ ದಾರಿ. 1429ರ ಹೊತ್ತಿಗೆ ಡೆನ್ಮಾರ್ಕಿನ ದೊರೆ ಎರಿಕ್ ಇಲ್ಲಿ ಹಾದುಹೋಗುವ ಹಡಗುಗಳ ಮೇಲೆ ಸುಂಕ ಹೇರಿದ, ವಸೂಲಿಗೆ ಕೋಟೆಯನ್ನೂ ಕಟ್ಟಿಸಿದ. ಆ ಹಳೆಯ ಕೋಟೆಯನ್ನು 1574ರಿಂದ 1585ರ ನಡುವೆ ಎರಡನೇ ಫ್ರೆಡರಿಕ್ ಭವ್ಯ ಅರಮನೆಯಾಗಿ ಬದಲಿಸಿದ. ಅಲ್ಲಿನ ನೃತ್ಯಶಾಲೆಯ ಉದ್ದವೇ 62 ಮೀಟರ್.

ವಸೂಲಿಯ ಉಪಾಯ ಜಾಣತನದ್ದಾಗಿತ್ತು. ಸರಕಿನ ಬೆಲೆ ಎಷ್ಟೆಂದು ಹಡಗಿನ ಕಪ್ತಾನನೇ ಹೇಳಬೇಕು, ಅದರ ಮೇಲೆ ಸುಂಕ. ಆದರೆ ಅವನು ಹೇಳಿದ ಬೆಲೆಗೇ ಆ ಸರಕನ್ನು ಕೊಂಡುಕೊಳ್ಳುವ ಹಕ್ಕು ರಾಜನಿಗಿತ್ತು. ಕಡಿಮೆ ಹೇಳಿದರೆ ಸರಕು ಕೈತಪ್ಪುತ್ತದೆ, ಹೆಚ್ಚು ಹೇಳಿದರೆ ಸುಂಕ ಹೆಚ್ಚಾಗುತ್ತದೆ. ಹೀಗಾಗಿ ವರ್ತಕ ನಿಜ ಹೇಳದೆ ವಿಧಿಯಿರಲಿಲ್ಲ. ಕೊಡದೆ ನುಸುಳಿದರೆ ಕೋಟೆಯ ಫಿರಂಗಿಗಳು ಕಾಯುತ್ತಿದ್ದವು. ಈ ಹಣ ನೇರವಾಗಿ ರಾಜನ ಬೊಕ್ಕಸ ಸೇರುತ್ತಿದ್ದುದರಿಂದ ಅವನು ಸರದಾರರ ಸಭೆಯ ಮುಂದೆ ಕೈಯೊಡ್ಡಬೇಕಾಗಿರಲಿಲ್ಲ. ಯುದ್ಧಗಳಿಗೂ ಅರಮನೆಗಳಿಗೂ ಇದೇ ಆಧಾರವಾಯಿತು. ಕೊನೆಗೆ ಅಮೆರಿಕದಂಥ ರಾಷ್ಟ್ರಗಳು ಇದಕ್ಕೆ ತಕರಾರು ತೆಗೆದ ಮೇಲೆ 1857ರ ಒಪ್ಪಂದದಿಂದ ಸುಂಕ ರದ್ದಾಯಿತು. ಅದಕ್ಕೂ ಡೆನ್ಮಾರ್ಕ್ ಇತರ ರಾಷ್ಟ್ರಗಳಿಂದ ಪರಿಹಾರ ಪಡೆಯಿತು. ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ನಡೆದ ಈ ವಸೂಲಿಯ ಲೆಕ್ಕದ ಪುಸ್ತಕಗಳು ಬಹುಮಟ್ಟಿಗೆ ಉಳಿದುಕೊಂಡಿವೆ. ಯುರೋಪಿನ ವ್ಯಾಪಾರದ ಇತಿಹಾಸ ಬರೆಯುವವರಿಗೆ ಅವು ದೊಡ್ಡ ಗಣಿ.

ಇದೇ ನೀರಿನ ಮೇಲೆ ಇನ್ನೊಂದು ಘಟನೆ ನಡೆಯಿತು. ಎರಡನೇ ಮಹಾಯುದ್ಧದಲ್ಲಿ ಡೆನ್ಮಾರ್ಕ್ ಜರ್ಮನಿಯ ಹಿಡಿತದಲ್ಲಿತ್ತು. 1943ರ ಅಕ್ಟೋಬರ್‌ನಲ್ಲಿ ಯಹೂದಿಗಳನ್ನು ಹಿಡಿದೊಯ್ಯಲು ನಾಜಿಗಳು ಸಿದ್ಧರಾದಾಗ ಸುದ್ದಿ ಮೊದಲೇ ಹೊರಬಿತ್ತು. ಆಗ ಮೀನುಗಾರರು, ವೈದ್ಯರು, ಪಾದ್ರಿಗಳು, ಸಾಮಾನ್ಯ ಗೃಹಸ್ಥರು ಸೇರಿ ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಅಡಗಿಸಿ, ದೋಣಿಗಳಲ್ಲಿ ಕೂರಿಸಿ ಸ್ವೀಡನ್ನಿಗೆ ದಾಟಿಸಿದರು. ಹೆಲ್ಸಿಂಗೋರಿನಲ್ಲಿ ಈ ಕೆಲಸಕ್ಕಿಳಿದ ಗುಂಪೊಂದು ಅನುಮಾನ ಬರದಿರಲೆಂದು ತನ್ನನ್ನು 'ಹೊಲಿಗೆ ಸಂಘ' ಎಂದು ಕರೆದುಕೊಂಡಿತ್ತು. ದೋಣಿಯವರಲ್ಲಿ ಹಲವರು ಹಣ ಪಡೆದದ್ದೂ ನಿಜ, ಸಿಕ್ಕಿಬಿದ್ದ ನಾನೂರಕ್ಕೂ ಹೆಚ್ಚು ಮಂದಿಯನ್ನು ಶಿಬಿರಕ್ಕೆ ಸಾಗಿಸಿದ್ದೂ ನಿಜ. ಆದರೂ ತಮ್ಮ ಧರ್ಮದವರಲ್ಲದ ನೆರೆಯವರಿಗಾಗಿ ಜೀವ ಒತ್ತೆಯಿಟ್ಟ ಜನರ ಈ ನೆನಪು, ಕೋಟೆಯ ಫಿರಂಗಿಗಳಿಗಿಂತ ದೊಡ್ಡದೆಂದು ಹೇಳಬೇಕಾಗುತ್ತದೆ.

ನಾಲ್ಕನೇ ಕ್ರಿಶ್ಚಿಯನ್‌ನ ಕನಸುಗಳು

ಡೆನ್ಮಾರ್ಕಿನ ಪ್ರವಾಸಿ ಎಲ್ಲಿ ಹೋದರೂ ತಪ್ಪಿಸಿಕೊಳ್ಳಲಾಗದ ಹೆಸರು ನಾಲ್ಕನೇ ಕ್ರಿಶ್ಚಿಯನ್ ದೊರೆಯದು. 1588ರಿಂದ 1648ರವರೆಗೆ ಅವನ ಆಳ್ವಿಕೆ. ಹಿಲ್ಲೆರೋಡ್‌ನಲ್ಲಿ ಸರೋವರದ ಮೂರು ನಡುಗಡ್ಡೆಗಳ ಮೇಲೆ ನಿಂತಿರುವ ಫ್ರೆಡೆರಿಕ್ಸ್‌ಬೋರ್ಗ್, ಕೋಪನ್‌ಹೇಗನ್ನಿನ ಉದ್ಯಾನದೊಳಗಿನ ರೋಸೆನ್‌ಬೋರ್ಗ್, ಡ್ರ್ಯಾಗನ್ ಬಾಲಗಳನ್ನು ಹೆಣೆದಂಥ ಶಿಖರವಿದ್ದ ವರ್ತಕರ ಬೋರ್ಸೆನ್ ಭವನ, ಇವೆಲ್ಲ ಅವನು ಕಟ್ಟಿಸಿದವು. ಸಂಗೀತಪ್ರಿಯ, ಕಟ್ಟಡಪ್ರಿಯ, ಜೊತೆಗೆ ಯುದ್ಧಪ್ರಿಯ. ಮೊದಲ ಎರಡು ಗುಣಗಳು ದೇಶಕ್ಕೆ ಸೊಬಗನ್ನು ತಂದವು, ಮೂರನೆಯದು ದೇಶವನ್ನು ಬಡವಾಗಿಸಿತು. 1644ರ ಕಡಲ ಕಾಳಗದಲ್ಲಿ ಅವನು ಒಂದು ಕಣ್ಣು ಕಳೆದುಕೊಂಡ. ಅಂದು ತೊಟ್ಟಿದ್ದ ರಕ್ತದ ಕಲೆಯ ಬಟ್ಟೆಗಳು ರೋಸೆನ್‌ಬೋರ್ಗ್‌ನಲ್ಲಿ ಇಂದಿಗೂ ಇವೆ.

1838ರಲ್ಲೇ ಸಾರ್ವಜನಿಕರಿಗೆ ತೆರೆದ ರೋಸೆನ್‌ಬೋರ್ಗ್‌ನಲ್ಲಿ ಕಿರೀಟಗಳು, ಒಡವೆಗಳು, ಬೆಳ್ಳಿಯ ಮೂರು ಸಿಂಹಗಳು ಕಾವಲಿರುವ ಸಿಂಹಾಸನ ಇವೆ. ಈ ಸಿಂಹಾಸನ ಏಕಶೃಂಗಿ ಎಂಬ ಪೌರಾಣಿಕ ಪ್ರಾಣಿಯ ಕೊಂಬಿನಿಂದ ಮಾಡಿದ್ದೆಂದು ಬಿಂಬಿಸಲಾಗಿತ್ತು. ನಿಜದಲ್ಲಿ ಅದು ಉತ್ತರ ಧ್ರುವದ ಕಡಲಿನ ನಾರ್ವಾಲ್ ತಿಮಿಂಗಿಲದ ದಂತ. ಸ್ವಾರಸ್ಯವೆಂದರೆ ಆ ಕೊಂಬುಗಳು ತಿಮಿಂಗಿಲದವು ಎಂದು ಡೆನ್ಮಾರ್ಕಿನವನೇ ಆದ ವಿದ್ವಾಂಸ ಓಲೆ ವೋರ್ಮ್ 1638ರಲ್ಲೇ ತೋರಿಸಿಕೊಟ್ಟಿದ್ದ. ಸಿಂಹಾಸನ ತಯಾರಾದದ್ದು 1660ರ ದಶಕದಲ್ಲಿ. ಸತ್ಯ ಗೊತ್ತಿದ್ದರೂ ಅಧಿಕಾರಕ್ಕೆ ದಂತಕಥೆಯೇ ಬೇಕಾಗಿತ್ತು! ಏಕೆಂದರೆ ಆಗಷ್ಟೇ ಡೆನ್ಮಾರ್ಕಿನಲ್ಲಿ ರಾಜನ ನಿರಂಕುಶ ಆಳ್ವಿಕೆ ಬಂದಿತ್ತು. 1665ರ 'ರಾಜ ಶಾಸನ'ದ ಪ್ರಕಾರ ರಾಜ ದೇವರಿಗೆ ಬಿಟ್ಟು ಬೇರೆ ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. 1849ರ ಸಂವಿಧಾನದೊಂದಿಗೆ ಆ ವ್ಯವಸ್ಥೆ ಕೊನೆಗೊಂಡಿತು.

ಫ್ರೆಡೆರಿಕ್ಸ್‌ಬೋರ್ಗ್‌ನ ಅಂಗಳದಲ್ಲಿ ನೆಪ್ಚೂನ್ ಕಾರಂಜಿಯ ಕಂಚಿನ ವಿಗ್ರಹಗಳಿವೆ. ಅವು 1888ರ ನಕಲುಗಳು. ಮೂಲ ವಿಗ್ರಹಗಳನ್ನು 1659ರಲ್ಲಿ ಸ್ವೀಡನ್ನಿನ ಸೈನ್ಯ ಕೊಳ್ಳೆ ಹೊಡೆಯಿತು. ಅವು ಇಂದಿಗೂ ಸ್ವೀಡನ್ನಿನ ಡ್ರಾಟ್ನಿಂಗ್‌ಹೋಮ್ ಅರಮನೆಯಲ್ಲಿವೆ. ಅದೇ ಯುದ್ಧಗಳ ಕಾಲದಲ್ಲಿ, 1658ರ ಒಪ್ಪಂದದಿಂದ, ಜಲಸಂಧಿಯ ಆಚೆ ದಂಡೆಯೂ ಡೆನ್ಮಾರ್ಕಿನ ಕೈಬಿಟ್ಟುಹೋಯಿತು. ಶತಮಾನಗಳ ಕಾಲ ರಕ್ತ ಹರಿಸಿದ ಈ ಎರಡು ದೇಶಗಳ ನಡುವೆ 2000ದಲ್ಲಿ ಓರೆಸುಂಡ್ ಸೇತುವೆ ತೆರೆಯಿತು. ಜನ ದಿನನಿತ್ಯ ಕೆಲಸಕ್ಕೆಂದು ಅತ್ತಿತ್ತ ಓಡಾಡುತ್ತಾರೆ. ಕಳೆದುಹೋದ ಕಾರಂಜಿಯ ಜಾಗದಲ್ಲಿ ಡೇನರು ನಕಲನ್ನು ನಿಲ್ಲಿಸಿದರು, ಕಥೆಯನ್ನು ಮುಚ್ಚಿಡಲಿಲ್ಲ, ಹಾಗೆಂದು ಸೇಡನ್ನೂ ಉಳಿಸಿಕೊಳ್ಳಲಿಲ್ಲ. ಹಳೆಯ ಕಟ್ಟಡಗಳನ್ನು ಮುಂದಿಟ್ಟು ಇಂದಿನ ನೆರೆಯವರೊಂದಿಗೆ ಲೆಕ್ಕ ಚುಕ್ತಾ ಮಾಡಹೊರಡುವವರು ಗಮನಿಸಬೇಕಾದ ಸಂಗತಿಯಿದು.

1859ರ ಡಿಸೆಂಬರ್‌ನಲ್ಲಿ ಫ್ರೆಡೆರಿಕ್ಸ್‌ಬೋರ್ಗ್‌ಗೆ ಬೆಂಕಿ ಬಿದ್ದು ಒಳಭಾಗದ ಬಹುಪಾಲು ಸುಟ್ಟುಹೋಯಿತು. ಜನ ಚಂದಾ ಎತ್ತಿದರು. ಕಾರ್ಲ್ಸ್‌ಬರ್ಗ್ ಉದ್ಯಮದ ಸ್ಥಾಪಕ ಜೇಕಬ್ಸನ್ ದೊಡ್ಡ ಮೊತ್ತ ಕೊಟ್ಟ. 1878ರಲ್ಲಿ ಅದು ರಾಷ್ಟ್ರೀಯ ಇತಿಹಾಸದ ಸಂಗ್ರಹಾಲಯವಾಯಿತು. ರಾಜನ ಮನೆ ಜನರ ಪಾಠಶಾಲೆಯಾದದ್ದು ಹೀಗೆ. 2024ರ ಏಪ್ರಿಲ್‌ನಲ್ಲಿ ಬೋರ್ಸೆನ್ ಭವನಕ್ಕೂ ಬೆಂಕಿ ಬಿದ್ದು ಅದರ ಪ್ರಸಿದ್ಧ ಶಿಖರ ಕುಸಿಯಿತು. ಅಂದು ದಾರಿಹೋಕರೂ ಮುಂದೆ ಬಂದು ಹಳೆಯ ವರ್ಣಚಿತ್ರಗಳನ್ನು ಹೊತ್ತು ಹೊರಗೆ ಸಾಗಿಸಿದರು.

ತರಂಗಂಬಾಡಿಯ ಬಾವುಟ, ಕನ್ನಡದ ಅಚ್ಚು

ಬೋರ್ಸೆನ್ ಕಟ್ಟಿಸಿದ ಇದೇ ಕ್ರಿಶ್ಚಿಯನ್ 1616ರಲ್ಲಿ ಡೇನಿಶ್ ಈಸ್ಟ್ ಇಂಡಿಯಾ ಕಂಪೆನಿಯನ್ನು ಸ್ಥಾಪಿಸಿದ. ಓವೆ ಗೆಡ್ಡೆ ಎಂಬ ಯುವ ನೌಕಾಧಿಪತಿ ಹಡಗುಗಳೊಂದಿಗೆ ಹೊರಟು ಸಿಲೋನಿನಲ್ಲಿ ಕೆಲಸ ಕೈಗೂಡದೆ, 1620ರಲ್ಲಿ ತಂಜಾವೂರಿನ ರಘುನಾಥ ನಾಯಕನೊಂದಿಗೆ ಒಪ್ಪಂದ ಮಾಡಿಕೊಂಡ. ವಿಜಯನಗರದ ಅಧೀನದಲ್ಲಿ ಆರಂಭವಾದ ನಾಯಕ ಮನೆತನ ಅದು. ಚಿನ್ನದ ತಗಡಿನ ಮೇಲೆ ಬರೆಸಿ ನಾಯಕ ಕಳಿಸಿದ ಪತ್ರ ಡೆನ್ಮಾರ್ಕಿನ ಪತ್ರಾಗಾರದಲ್ಲಿ ಇಂದಿಗೂ ಇದೆ. ತರಂಗಂಬಾಡಿಯ ಕಡಲ ದಂಡೆಯಲ್ಲಿ ಡಾನ್ಸ್‌ಬೋರ್ಗ್ ಕೋಟೆ ಎದ್ದಿತು. ಹೀಗೆ ಡೇನರ ಕೋಟೆ ನೋಡಲು ನಾವು ಯುರೋಪಿಗೇ ಹೋಗಬೇಕೆಂದಿಲ್ಲ. ತಮಿಳುನಾಡಿನ ಕರಾವಳಿಯಲ್ಲೇ ಒಂದು ನಿಂತಿದೆ.

ಬಂಗಾಳದಲ್ಲಿ ಹೂಗ್ಲಿ ದಂಡೆಯ ಶ್ರೀರಾಂಪುರವೂ ಡೇನರ ವಸಾಹತಾಗಿತ್ತು. ಬ್ರಿಟಿಷ್ ಕಂಪೆನಿ ತನ್ನ ನೆಲದಲ್ಲಿ ಮಿಶನರಿಗಳಿಗೆ ಅವಕಾಶ ಕೊಡದಿದ್ದಾಗ ವಿಲಿಯಂ ಕೇರಿ ಮತ್ತು ಸಂಗಡಿಗರಿಗೆ 1800ರಲ್ಲಿ ಆಶ್ರಯ ಸಿಕ್ಕಿದ್ದು ಇಲ್ಲಿ, ಡೇನಿಶ್ ಬಾವುಟದ ನೆರಳಿನಲ್ಲಿ. ಅವರ ಮುದ್ರಣಾಲಯ ಭಾರತದ ಹಲವು ಭಾಷೆಗಳಿಗೆ ಅಚ್ಚಿನ ಮೊಳೆಗಳನ್ನು ಎರಕ ಹೊಯ್ಯಿತು. 1817ರಲ್ಲಿ ಕೇರಿಯ ಕನ್ನಡ ವ್ಯಾಕರಣ ಅಲ್ಲಿಂದಲೇ ಹೊರಬಂತು. ಕನ್ನಡ ಅಕ್ಷರಗಳು ಅಚ್ಚಿನಲ್ಲಿ ಮೂಡಿದ ಮೊದಲ ಪುಸ್ತಕಗಳಲ್ಲಿ ಅದೂ ಒಂದು. ಕನ್ನಡ ಮುದ್ರಣದ ಇತಿಹಾಸದಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಹೆಸರು ಎಲ್ಲರಿಗೂ ಗೊತ್ತು. ಅದಕ್ಕೂ ಹಿಂದಿನ ಈ ಅಧ್ಯಾಯ ನಡೆದ ಊರು ಕೋಪನ್‌ಹೇಗನ್ನಿನ ಆಳ್ವಿಕೆಯಲ್ಲಿತ್ತು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. 1845ರಲ್ಲಿ ಡೆನ್ಮಾರ್ಕ್ ತರಂಗಂಬಾಡಿ ಮತ್ತು ಶ್ರೀರಾಂಪುರ ಎರಡನ್ನೂ ಹನ್ನೆರಡೂವರೆ ಲಕ್ಷ ರೂಪಾಯಿಗೆ ಬ್ರಿಟಿಷ್ ಕಂಪೆನಿಗೆ ಮಾರಿತು. ಮಾರಾಟವಾಗುವ ಊರುಗಳ ಜನರನ್ನು ಕೇಳುವ ಪದ್ಧತಿ ಆಗ ಇರಲಿಲ್ಲ.

ಕುದುರೆಯ ಮೇಲಿನ ರಾಜ

ಕೋಪನ್‌ಹೇಗನ್ನಿನಲ್ಲಿ ರಾಜಮನೆತನ ಇಂದು ವಾಸಿಸುವ ಅಮಾಲಿಯೆನ್‌ಬೋರ್ಗ್ ನಾಲ್ಕು ಅರಮನೆಗಳ ಸಮೂಹ. 1750ರ ದಶಕದಲ್ಲಿ ನಾಲ್ಕು ಸರದಾರ ಕುಟುಂಬಗಳಿಗಾಗಿ ಕಟ್ಟಿದ್ದವು. 1794ರಲ್ಲಿ ಕ್ರಿಸ್ಟಿಯಾನ್ಸ್‌ಬೋರ್ಗ್ ಸುಟ್ಟ ಮೇಲೆ ರಾಜಕುಟುಂಬ ಇಲ್ಲಿಗೆ ಬಂತು. ಅಂಗಳದ ನಡುವೆ ಐದನೇ ಫ್ರೆಡರಿಕ್ ಕುದುರೆಯೇರಿ ಕುಳಿತಿದ್ದಾನೆ. 1771ರಲ್ಲಿ ಅನಾವರಣಗೊಂಡ ಈ ಸುಂದರ ಪ್ರತಿಮೆಯ ಖರ್ಚು ಭರಿಸಿದ್ದು ಭಾರತ ಮತ್ತು ಚೀನಾದೊಂದಿಗೆ ವ್ಯಾಪಾರ ಮಾಡುತ್ತಿದ್ದ ಏಷ್ಯಾಟಿಕ್ ಕಂಪೆನಿ. ಮಧ್ಯಾಹ್ನ ಕಾವಲು ಬದಲಾಗುವುದನ್ನು ನೋಡಲು ನೆರೆಯುವ ಪ್ರವಾಸಿಗಳಲ್ಲಿ ಎಷ್ಟು ಮಂದಿ ಇದನ್ನು ಯೋಚಿಸುತ್ತಾರೆ?

ಇದೇ ರಾಜನ ಕಾಲದಲ್ಲಿ ಕೆರಿಬಿಯನ್‌ನ ಮೂರು ದ್ವೀಪಗಳ ಆಡಳಿತವನ್ನು ಕಂಪೆನಿಯಿಂದ ರಾಜಸತ್ತೆ ನೇರವಾಗಿ ತೆಗೆದುಕೊಂಡಿತು. ಅಲ್ಲಿನ ಕಬ್ಬಿನ ತೋಟಗಳಲ್ಲಿ ದುಡಿದವರು ಆಫ್ರಿಕಾದಿಂದ ತಂದ ಗುಲಾಮರು. ಇಂದಿನ ಘಾನಾದ ಅಕ್ರಾದಲ್ಲಿ ಡೇನರು 1661ರಿಂದ ಕಟ್ಟಿದ ಕೋಟೆಯ ಹೆಸರೂ ಕ್ರಿಸ್ಟಿಯಾನ್ಸ್‌ಬೋರ್ಗ್! ಒಂದೇ ಹೆಸರಿನ ಎರಡು ಕಟ್ಟಡಗಳು. ಒಂದರಲ್ಲಿ ದರ್ಬಾರು, ಇನ್ನೊಂದರ ನೆಲಮಾಳಿಗೆಯಲ್ಲಿ ಹಡಗಿಗಾಗಿ ಕಾಯುತ್ತಿದ್ದ ಸಂಕೋಲೆಯ ಮನುಷ್ಯರು. ಡೇನಿಶ್ ಹಡಗುಗಳಲ್ಲಿ ಅಟ್ಲಾಂಟಿಕ್ ದಾಟಿಸಲ್ಪಟ್ಟವರು ಸುಮಾರು ಒಂದು ಲಕ್ಷ ಎಂದು ಇತಿಹಾಸಕಾರರ ಅಂದಾಜು.

ಡೆನ್ಮಾರ್ಕ್ 1792ರಲ್ಲೇ ಅಟ್ಲಾಂಟಿಕ್ ಗುಲಾಮ ವ್ಯಾಪಾರ ನಿಷೇಧದ ಆಜ್ಞೆ ಹೊರಡಿಸಿತೆಂದು ಬಹಳ ಕಾಲ ಹೆಮ್ಮೆಯಿಂದ ಹೇಳಿಕೊಳ್ಳಲಾಗುತ್ತಿತ್ತು. ಆದರೆ ಆಜ್ಞೆ ಜಾರಿಗೆ ಬಂದದ್ದು 1803ರಲ್ಲಿ. ನಡುವಿನ ಹತ್ತು ವರ್ಷ ತೋಟದ ಮಾಲೀಕರು ಆದಷ್ಟು ಗುಲಾಮರನ್ನು ತುಂಬಿಕೊಳ್ಳಲೆಂದೇ ಇತ್ತು. ಗುಲಾಮಗಿರಿ ಕೊನೆಗೊಂಡದ್ದು 1848ರ ಜುಲೈ 3ರಂದು, ಸೇಂಟ್ ಕ್ರೋಯ್ ದ್ವೀಪದ ಗುಲಾಮರೇ ಬಂಡೆದ್ದ ಮೇಲೆ. 1917ರಲ್ಲಿ ದ್ವೀಪಗಳನ್ನು ಎರಡೂವರೆ ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರಲಾಯಿತು.

ಈಗ ಈ ವಿಷಯ ಡೆನ್ಮಾರ್ಕಿನಲ್ಲೇ ಬಿಸಿ ಚರ್ಚೆಯಾಗಿದೆ. 1878ರಲ್ಲಿ ಸೇಂಟ್ ಕ್ರೋಯ್‌ನಲ್ಲಿ ಕೂಲಿಕಾರರ ಬಂಡಾಯದ ಮುಂದಾಳಾಗಿದ್ದ 'ಕ್ವೀನ್ ಮೇರಿ'ಯ ಬೃಹತ್ ಪ್ರತಿಮೆಯನ್ನು 2018ರಲ್ಲಿ ಇಬ್ಬರು ಕಲಾವಿದೆಯರು ಕೋಪನ್‌ಹೇಗನ್ ಬಂದರಿನ ಹಳೆಯ ಉಗ್ರಾಣದ ಮುಂದೆ ನಿಲ್ಲಿಸಿದರು. 2020ರ ಚಳಿಗಾಲದಲ್ಲಿ ಬಿರುಗಾಳಿಗೆ ಅದು ಹಾಳಾಯಿತು. 2020ರ ನವೆಂಬರ್‌ನಲ್ಲಿ ಕಲಾ ಅಕಾಡೆಮಿಯಲ್ಲಿದ್ದ ಐದನೇ ಫ್ರೆಡರಿಕ್‌ನ ಗಾರೆ ವಿಗ್ರಹವೊಂದನ್ನು ಬಂದರಿನ ನೀರಿಗೆ ಎಸೆದಾಗ ದೇಶದಲ್ಲಿ ದೊಡ್ಡ ಗದ್ದಲವಾಯಿತು. ವಿಗ್ರಹ ಎಸೆಯುವುದು ಸರಿಯೇ ಎಂಬುದರ ಬಗ್ಗೆ ಭಿನ್ನಾಭಿಪ್ರಾಯ ಸಹಜ. ಎಸೆದರೆ ಇತಿಹಾಸ ಅಳಿಯುವುದಿಲ್ಲ. ಆದರೆ ಬರೀ ಕುದುರೆ ಮತ್ತು ಕಿರೀಟವನ್ನಷ್ಟೇ ತೋರಿಸಿ ಸಂಕೋಲೆಯನ್ನು ಮರೆಮಾಡುವುದೂ ಇತಿಹಾಸವನ್ನು ಅಳಿಸಿದಂತೆಯೇ.

ಅರೇಬಿಯಾಕ್ಕೆ ಹೋದ ಆರು ಮಂದಿ

ಈ ಫ್ರೆಡರಿಕ್‌ನ ಇನ್ನೊಂದು ಮುಖವನ್ನೂ ಹೇಳದಿದ್ದರೆ ನ್ಯಾಯವಾಗದು. 1761ರ ಜನವರಿಯಲ್ಲಿ ಅವನು ಅರೇಬಿಯಾದ ಅಧ್ಯಯನಕ್ಕೆಂದು ಆರು ಜನರ ತಂಡವನ್ನು ಕಳಿಸಿದ. ಆಕ್ರಮಣಕ್ಕಲ್ಲ, ವ್ಯಾಪಾರಕ್ಕೂ ಅಲ್ಲ. ಭಾಷೆ, ಗಿಡಮೂಲಿಕೆ, ಭೂಗೋಳ, ಜನಜೀವನವನ್ನು ಅರಿಯಲು. ತಂಡ ಈಜಿಪ್ಟ್ ದಾಟಿ ಯಮನ್ ತಲುಪಿತು. ಸನಾದಲ್ಲಿ ಇಮಾಮರು ಅವರನ್ನು ಆದರದಿಂದ ಬರಮಾಡಿಕೊಂಡರು. ಆದರೆ ಜ್ವರ ಒಬ್ಬೊಬ್ಬರನ್ನೇ ಬಲಿ ತೆಗೆದುಕೊಂಡಿತು. ಭಾಷಾಪಂಡಿತ ವಾನ್ ಹಾವೆನ್ ಮೋಖಾದಲ್ಲಿ, ಸಸ್ಯವಿಜ್ಞಾನಿ ಫೋರ್ಸ್‌ಕೋಲ್ ಯರೀಮ್‌ನಲ್ಲಿ, ಇಬ್ಬರು ಭಾರತದತ್ತ ಬರುವ ಹಡಗಿನಲ್ಲಿ, ವೈದ್ಯ ಕ್ರಾಮರ್ 1764ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಉಳಿದವನು ರೈತ ಮನೆತನದ ಭೂಮಾಪಕ ಕಾರ್ಸ್ಟೆನ್ ನೀಬೂರ್ ಒಬ್ಬನೇ.

ಅವನು ಸ್ಥಳೀಯರ ಉಡುಪು ತೊಟ್ಟು, ಅವರ ಊಟ ಉಂಡು, ಅವರ ರೀತಿಯಲ್ಲೇ ಬದುಕಿದ. ಒಬ್ಬನೇ ಒಮಾನ್, ಇರಾನ್, ಇರಾಕ್, ಸಿರಿಯಾಗಳ ದಾರಿಯಾಗಿ 1767ರಲ್ಲಿ ಕೋಪನ್‌ಹೇಗನ್ ಸೇರಿದ. ಪರ್ಸೆಪೋಲಿಸ್‌ನಲ್ಲಿ ಅವನು ಎಚ್ಚರಿಕೆಯಿಂದ ನಕಲಿಸಿಕೊಂಡ ಶಾಸನಗಳು ಮುಂದೆ ಬಾಣಲಿಪಿಯನ್ನು ಓದಲು ನೆರವಾದವು. 1772ರಲ್ಲಿ ಪ್ರಕಟವಾದ ಅವನ ಅರೇಬಿಯಾ ವರ್ಣನೆಯ ಗ್ರಂಥದಲ್ಲಿ ಅರಬರ ಬಗ್ಗೆ ತಿರಸ್ಕಾರಕ್ಕಿಂತ ಗೌರವವೇ ಹೆಚ್ಚು. ಬೇರೆ ಜನರನ್ನು ಅರಿಯಲು ಹೊರಟವನಿಗೆ ಇರಬೇಕಾದ ಗುಣ ಅದು.

ರೋಸೆನ್‌ಬೋರ್ಗ್ ಉದ್ಯಾನದ ಎದುರಿಗೇ ಡೇವಿಡ್ ಸಂಗ್ರಹಾಲಯವಿದೆ. ವಕೀಲ ಸಿ.ಎಲ್. ಡೇವಿಡ್ ತನ್ನ ಮನೆಯಲ್ಲೇ ಆರಂಭಿಸಿದ ಈ ಸಂಗ್ರಹ ಇಂದು ಪಶ್ಚಿಮದ ಪ್ರಮುಖ ಇಸ್ಲಾಮೀ ಕಲಾ ಸಂಗ್ರಹಗಳಲ್ಲೊಂದು. ಕುರ್‌ಆನ್ ಹಸ್ತಪ್ರತಿಗಳು, ಇರಾನಿನ ಪಿಂಗಾಣಿ, ಮೊಘಲ್ ಮತ್ತು ದಖ್ಖನಿ ಚಿತ್ರಗಳು ಅಲ್ಲಿವೆ. ಪ್ರವೇಶ ಉಚಿತ. ವ್ಯಂಗ್ಯಚಿತ್ರಗಳ ದೇಶವೆಂದು ಮಾತ್ರ ಡೆನ್ಮಾರ್ಕನ್ನು ಬಲ್ಲವರು ಈ ಮನೆಯನ್ನೂ ನೋಡಬೇಕು.

ನೆಲಮಾಳಿಗೆಯಿಂದ ಸಂಸತ್ತಿನವರೆಗೆ

ಪ್ರವಾಸದ ಕೊನೆಗೆ ಕ್ರಿಸ್ಟಿಯಾನ್ಸ್‌ಬೋರ್ಗ್ ನೋಡುವುದು ಒಳ್ಳೆಯದು. ಅದರ ನೆಲದಡಿಯಲ್ಲಿ ಬಿಷಪ್ ಅಬ್ಸಲೋನ್ 1167ರಲ್ಲಿ ಕಟ್ಟಿಸಿದ ಕೋಟೆಯ ಅವಶೇಷಗಳಿವೆ. ಮೇಲೆ ಎರಡು ಅರಮನೆಗಳು 1794 ಮತ್ತು 1884ರಲ್ಲಿ ಸುಟ್ಟುಹೋದವು. 1928ರಲ್ಲಿ ಪೂರ್ಣಗೊಂಡ ಮೂರನೆಯದು ಈಗ ನಿಂತಿದೆ. ಸಂಸತ್ತು, ಪ್ರಧಾನಿಯ ಕಚೇರಿ, ಸರ್ವೋಚ್ಚ ನ್ಯಾಯಾಲಯ ಮೂರೂ ಇದೇ ಸೂರಿನಡಿ ಇವೆ. ರಾಜನಿಗೂ ಸತ್ಕಾರದ ಕೋಣೆಗಳಿವೆ. 2024ರ ಜನವರಿ 14ರಂದು ರಾಣಿ ಎರಡನೇ ಮಾರ್ಗ್ರೆಥೆ ಪಟ್ಟ ಬಿಟ್ಟುಕೊಟ್ಟಾಗ ಹತ್ತನೇ ಫ್ರೆಡರಿಕ್ ರಾಜನೆಂದು ಪ್ರಧಾನಿ ಘೋಷಿಸಿದ್ದು ಇಲ್ಲಿನ ಮೊಗಸಾಲೆಯಿಂದಲೇ. ದೇವರಿಗೆ ಬಿಟ್ಟು ಬೇರೆ ಯಾರಿಗೂ ಉತ್ತರಿಸಬೇಕಿಲ್ಲವೆಂದಿದ್ದ ಗದ್ದುಗೆಯ ವಾರಸುದಾರನ ಹೆಸರನ್ನು ಜನರ ಪ್ರತಿನಿಧಿ ಸಾರುವಂತಾಯಿತು.

ನಮ್ಮ ಸುತ್ತಲೂ ಕೋಟೆ, ಅರಮನೆ, ಗುಮ್ಮಟ, ದೇಗುಲಗಳಿಗೆ ಕೊರತೆಯಿಲ್ಲ. ಅವುಗಳ ಮುಂದೆ ನಿಂತು ಇದು ನಮ್ಮದು, ಅದು ಅವರದು ಎಂದು ಎದೆಯುಬ್ಬಿಸುವವರಿಗೂ ಕೊರತೆಯಿಲ್ಲ. ಡೆನ್ಮಾರ್ಕಿನ ಕಲ್ಲುಗಳು ಹೇಳುವ ಕಥೆಯಲ್ಲಿ ಸುಂಕ ಕೊಟ್ಟ ಹಡಗಿನವನು, ಸಂಕೋಲೆ ತೊಟ್ಟ ಆಫ್ರಿಕನ್, ಕೇಳದೆ ಮಾರಾಟವಾದ ತರಂಗಂಬಾಡಿಯ ಬೆಸ್ತ, ನೆರೆಯವನನ್ನು ದೋಣಿಯಲ್ಲಿ ದಾಟಿಸಿದ ಮೀನುಗಾರ ಎಲ್ಲರೂ ಇದ್ದಾರೆ. ಅರಮನೆಯನ್ನು ಕಟ್ಟಿಸಿದ ರಾಜನ ಹೆಸರು ಫಲಕದ ಮೇಲಿರುತ್ತದೆ. ಉಳಿದವರನ್ನು ನೋಡುವವರೇ ಹುಡುಕಿಕೊಳ್ಳಬೇಕು. ಅದನ್ನು ಹುಡುಕಲು ಡೆನ್ಮಾರ್ಕಿಗೇ ಹೋಗಬೇಕಾಗಿಲ್ಲ. ನಮ್ಮೂರಿನ ಹಳೆಯ ಗೋಡೆಯ ಮುಂದೆಯೂ ಆ ಪ್ರಶ್ನೆಯನ್ನು ಕೇಳಬಹುದು.